ಹಿಸ್ಟರಿ ತಗೊಂಡ್ರೆ, ಯಾವ ಹಿಸ್ಟರಿ?

ಪಿಯುಸಿ ರಿಸಲ್ಟ್ ಬಂದ ಮೇಲೆ ಸೈನ್ಸ್ ಓದಿದವರಿಗೆ ಸಿಇಟಿ ರ್ಯಾಂಕ್ ಎಷ್ಟು ಅಂತ ಕೇಳ್ತಾರೆ, ಕಾಮರ್ಸ್ ಓದಿದವರಿಗೆ ಸಿಎ ಮಾಡ್ತೀಯಾ ಅಂತ ಕೇಳ್ತಾರೆ. ಆರ್ಟ್ಸ್ ಓದಿದವರಿಗೆ ಮಾತ್ರ ಪ್ರಶ್ನೆಯ ಧಾಟಿಯೇ ಬೇರೆ: "ಹಿಸ್ಟರಿ ತಗೊಂಡು ಏನ್ ಮಾಡ್ತಿ?" ಕೇಳಿದವರು ಉತ್ತರಕ್ಕೆ ಕಾಯುವುದೂ ಇಲ್ಲ. ಮುಂದಿನ ಮಾತು ಬಿಎಡ್ ಅಥವಾ ಪಿಎಸ್ಐ ಪರೀಕ್ಷೆಗೆ ಹೋಗಿಬಿಡುತ್ತದೆ. ಹಿಸ್ಟರಿ ಅಂದರೆ ಯಾವ ಹಿಸ್ಟರಿ, ಅದರಲ್ಲಿ ಯಾವ ಭಾಗ, ಅದನ್ನು ಓದಲು ಏನೇನು ಬರಬೇಕು ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಮಲ್ಲಟದಲ್ಲಿರುವ ನನ್ನ ಅಕ್ಕನ ಮಗಳು ಬಿಎ ಸೇರುತ್ತಿದ್ದಾಳೆ. ಹಿಸ್ಟರಿಯೇ ಬೇಕು ಅಂತ ಹಟ ಹಿಡಿದು ಸೇರುತ್ತಿರುವವಳು. ಫೋನ್ ಮಾಡಿ ಕೇಳಿದಳು, "ಮಾಮ, ಹಿಸ್ಟರಿ ಭಾಳ ದೊಡ್ಡದದ. ನಾ ಅದ್ರಾಗ ಯಾವುದು ಹಿಡೀಬೇಕು?" ನಾನು ಓದಿದ್ದು ಬಿಇ. ದಿನಾ ಮಾಡುವ ಕೆಲಸ ಏನಪ್ಪಾ ಅಂದರೆ, ಯಾರೋ ಬರೆದಿಟ್ಟು ಕಂಪನಿ ಬಿಟ್ಟುಹೋದ ಕೋಡ್ ಓದಿ, ಇದನ್ನು ಯಾರು, ಯಾವಾಗ, ಯಾಕೆ ಹೀಗೆ ಬರೆದರು ಅಂತ ಪತ್ತೆ ಹಚ್ಚುವುದು. ಅದೂ ಒಂಥರಾ ಇತಿಹಾಸವೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೂ ನಮ್ಮ ಜಿಲ್ಲೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದರಿಂದ ಒಂದು ಉತ್ತರ ಕೊಟ್ಟೆ. ಯಾವ ರಾಜ ಇಷ್ಟ ಅಂತ ಯೋಚನೆ ಮಾಡಬೇಡ, ಯಾವ ಲಿಪಿ ಕಲಿಯಲು ತಯಾರಿದ್ದಿ ಅಂತ ಯೋಚನೆ ಮಾಡು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಆ ಮಾತನ್ನು ಬಿಡಿಸಿ ಹೇಳಲು ರಾಯಚೂರು ಜಿಲ್ಲೆಯೊಂದೇ ಸಾಕು.

ಮೊದಲು ಡಿಗ್ರಿಯ ವಿಷಯ. ನಮ್ಮ ಕಡೆ ಬಿಎ ಅಂದರೆ ಮೂರು ಸಬ್ಜೆಕ್ಟು. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ಸೇರಿದ ಎಚ್ಇಪಿ ಎಲ್ಲರಿಗೂ ಗೊತ್ತು. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ಮರಳಿದೆವು. ಪದ್ಧತಿ ಯಾವುದೇ ಇರಲಿ, ಸಿಂಧೂ ಕಣಿವೆಯಿಂದ ಶುರುವಾಗಿ 1947ಕ್ಕೆ ಬಂದು ನಿಲ್ಲುವ ರೈಲು ಅದು. ಎಲ್ಲ ಸ್ಟೇಷನ್ನಲ್ಲೂ ಎರಡೆರಡು ನಿಮಿಷ ನಿಲ್ಲುತ್ತದೆ. ಯಾವುದಾದರೂ ಒಂದು ಸ್ಟೇಷನ್ನಲ್ಲಿ ಇಳಿದು ಊರು ನೋಡಬೇಕಾದರೆ ನೀನೇ ಇಳಿಯಬೇಕು. ತಾಲೂಕು ಮಟ್ಟದ ಕಾಲೇಜಿನಲ್ಲಿ ವಿಶೇಷ ಅಧ್ಯಯನದ ಕ್ಷೇತ್ರ ಅಂತ ಯಾರೂ ಕೈಗೆ ಕೊಡುವುದಿಲ್ಲ, ಅದನ್ನು ಕಟ್ಟಿಕೊಳ್ಳುವುದು ವಿದ್ಯಾರ್ಥಿಯ ಕೆಲಸ. ಮೂರು ವರ್ಷ ಕಮ್ಮಿ ಸಮಯ ಏನಲ್ಲ.

ಮಸ್ಕಿಯಿಂದ ಶುರು ಮಾಡೋಣ, ಯಾಕಂದರೆ ನಮ್ಮ ಜಿಲ್ಲೆಯಿಂದ ಪಠ್ಯಪುಸ್ತಕಕ್ಕೆ ಹೋದದ್ದು ಅದೊಂದೇ ಸಾಲು: "ಅಶೋಕನ ಹೆಸರು ದೊರೆತ ಶಾಸನ ಮಸ್ಕಿ." ಒಂದು ಅಂಕ. ಅದರ ಹಿಂದಿನ ಕಥೆ ಮಾತ್ರ ಒಂದು ಅಂಕದ್ದಲ್ಲ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬಿಡಿಸಿದ. ದೇಶದ ತುಂಬ ಬಂಡೆಗಳ ಮೇಲೆ 'ದೇವಾನಂಪ್ರಿಯ', 'ಪ್ರಿಯದರ್ಶಿ' ಅಂತ ಇತ್ತೇ ಹೊರತು ಆ ರಾಜ ಯಾರು ಅಂತ ಗೊತ್ತಿರಲಿಲ್ಲ. ಸಿಂಹಳದ ರಾಜನಿರಬೇಕು ಅಂತ ಮೊದಲು ಪ್ರಿನ್ಸೆಪ್ ಅಂದುಕೊಂಡಿದ್ದ. ಅಲ್ಲೇ ಕೆಲಸದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥಗಳನ್ನು ಓದಿ, ಪ್ರಿಯದರ್ಶಿ ಅಂದರೆ ಅಶೋಕ ಅಂತ ತೋರಿಸಿದ. ಆದರೆ ಅದು ಪುಸ್ತಕದ ಸಾಕ್ಷಿ, ಕಲ್ಲಿನ ಸಾಕ್ಷಿ ಸಿಕ್ಕಿರಲಿಲ್ಲ. ಸುಮಾರು ಎಂಬತ್ತು ವರ್ಷದ ಮೇಲೆ, 1915ರಲ್ಲಿ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಅಕ್ಷರವಿದ್ದ ಬಂಡೆ ಕಂಡ. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೇ ಸಂಚಿಕೆಯಾಗಿ ಪ್ರಕಟಿಸಿದರು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು, ಆ ಮಾತು ಬೇರೆ.

ಬಂಡೆ ಕಂಡವನು ಎಂಜಿನಿಯರ್ ಅಂತ ನಾನು ಒತ್ತಿ ಹೇಳಿದರೆ ಸ್ವಜಾತಿ ಅಭಿಮಾನ ಅಂತ ಬಿಟ್ಟುಬಿಡಿ. ಆದರೆ ಅವನಿಗಿಂತ ಮುಂಚೆ ಮಸ್ಕಿಗೆ ಬಂದು ಶಿಲಾಯುಗದ ಕುರುಹು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಕೂಡ ಭೂವಿಜ್ಞಾನಿ. ನಮ್ಮ ಜಿಲ್ಲೆಯ ಅತಿ ಹಳೆಯ ಇತಿಹಾಸ ಹೊರಬಿದ್ದದ್ದು ಕಲ್ಲು ಗೊತ್ತಿದ್ದವರಿಂದ. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ರೇಮಂಡ್ ಆಲ್ಚಿನ್ ಅಗೆದ. ಆಮೇಲೆ ಕೃಷ್ಣೆಯಾಚೆಗೆ, ಮಹಬೂಬ್‌ನಗರ ಸೀಮೆಯ ಉಟ್ನೂರಿನಲ್ಲಿ ಒಂದು ಬೂದಿದಿಬ್ಬ ಅಗೆದ. ಬೂದಿದಿಬ್ಬ ಅಂದರೆ ನಮ್ಮ ಕಡೆಯ ಹಿರಿಯರು ರಾಕ್ಷಸರ ಕಥೆ ಹೇಳುತ್ತಾರೆ, ಹಂಪಿ ಹತ್ತಿರದ ನಿಂಬಾಪುರದ ದಿಬ್ಬವಂತೂ ವಾಲಿಯ ಚಿತೆಯ ಬೂದಿ. ಆಲ್ಚಿನ್ ಉಟ್ನೂರಿನ ಬೂದಿಯಲ್ಲಿ ದನಗಳ ಗೊರಸಿನ ಗುರುತು ಕಂಡ. ದನದ ದೊಡ್ಡಿಯಲ್ಲಿ ಶೇಖರವಾದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಚ್ಚಿದ್ದರಿಂದ ಆದ ದಿಬ್ಬ ಅದು, ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ರಾಜನಿಲ್ಲ, ಯುದ್ಧವಿಲ್ಲ, ಬರಹವೂ ಇಲ್ಲ. ದನ ಕಾಯುವವರ ಇತಿಹಾಸ ಅದು, ದಿನಾ ಸಗಣಿ ಬಾಚಿದ ಮನೆಯಿಂದ ಬಂದ ನನಗೆ ಅಶೋಕನಿಗಿಂತ ಹತ್ತಿರ.

ಈ ದಾರಿ ಹಿಡಿದರೆ ಲಿಪಿ ಬೇಡ, ಮಣ್ಣು ಮತ್ತು ಕಲ್ಲು ಓದಲು ಬರಬೇಕು. ಪಿಯುಸಿಯಲ್ಲಿ ಆರ್ಟ್ಸ್ ಓದಿದವರಿಗೆ ಬಾಗಿಲು ಮುಚ್ಚಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಂಥ ಕಡೆ ಪುರಾತತ್ವ ಎಂಎ ಮಾಡಬಹುದು. ಆದರೆ ಕೆಮಿಸ್ಟ್ರಿ, ಜಿಯಾಲಜಿ ಅಂದರೆ ಹೆದರುವಂತಿಲ್ಲ.

ಎರಡನೆಯದು ಶಾಸನ. ಕನ್ನಡ ಚೆನ್ನಾಗಿ ಬರುವ ಹುಡುಗಿಗೆ ಇದು ಎಲ್ಲಕ್ಕಿಂತ ಹತ್ತಿರದ ದಾರಿ. ದೇವದುರ್ಗ ತಾಲೂಕಿನ ಗಬ್ಬೂರಿಗೆ ಹೋದರೆ ಹಳೆಯ ಗುಡಿ, ಶಾಸನ ಎಡವುವಷ್ಟಿವೆ. ಆದರೂ ನಮ್ಮ ಭಾಗದ ಶಾಸನಗಳು ಪುಸ್ತಕ ಸೇರಿದ್ದು ತಡವಾಗಿ, ಅದಕ್ಕೆ ಕಾರಣ ಗಡಿ. ಬಿ.ಎಲ್. ರೈಸ್ 1886ರಿಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟ ತಂದದ್ದು ಕೊಡಗು ಮತ್ತು ಮೈಸೂರು ಸಂಸ್ಥಾನಕ್ಕೆ. ಜೆ.ಎಫ್. ಫ್ಲೀಟ್ ಓದಿದ್ದು ಹೆಚ್ಚಾಗಿ ಮುಂಬೈ ಕರ್ನಾಟಕದ್ದು. ನಾವು ನಿಜಾಮರ ಸೀಮೆಯವರು, ಅಲ್ಲಿ ಪುರಾತತ್ವ ಇಲಾಖೆ ಅಂತ ಆದದ್ದೇ 1914ರಲ್ಲಿ. ಪಿ.ಬಿ. ದೇಸಾಯಿಯವರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟ ತರುವಾಗ 1958 ಆಗಿತ್ತು. ಅಷ್ಟರಲ್ಲಿ ಪುಸ್ತಕದ ಹೆಸರಿನಲ್ಲಿದ್ದ ಆ ರಾಜ್ಯವೇ ಇರಲಿಲ್ಲ. ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಸಂಪುಟಗಳನ್ನು ತಂದಿದೆ. ಪುಸ್ತಕ ಸೇರದ ಕಲ್ಲು ಇನ್ನೂ ಇವೆ. ಕೆಲವಕ್ಕೆ ಆಯಿಲ್ ಪೇಂಟ್ ಬಿದ್ದಿದೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ.

ಶಾಸನ ಅಂದರೆ ರಾಜರ ಬಿರುದಿನ ಪಟ್ಟಿ ಅಂತ ಶಾಲೆಯಲ್ಲಿ ನನಗನ್ನಿಸಿತ್ತು. ಓದಿದರೆ ಬಿರುದು ಮುಗಿದ ಮೇಲೆ ಅಸಲು ವಿಷಯ ಶುರು: ಎಷ್ಟು ಮತ್ತರು ಹೊಲ, ಯಾವ ಕೆರೆಯ ಕೆಳಗೆ, ಎಲ್ಲೆ ಎಲ್ಲಿಂದ ಎಲ್ಲಿಗೆ, ಯಾವ ಸುಂಕ ಬಿಟ್ಟರು, ಯಾರು ಸಾಕ್ಷಿ. ಇವತ್ತಿನ ರಿಜಿಸ್ಟ್ರೇಷನ್ ಕಾಗದದಲ್ಲಿ ಇರುವುದೂ ಇದೇ. ಇಸವಿ ಲೆಕ್ಕವಂತೂ ನಮ್ಮ ಟೆಕ್ಕಿಗಳಿಗೆ ಹಬ್ಬ. ಯುನಿಕ್ಸ್ ಕಂಪ್ಯೂಟರಿಗೆ ಕಾಲ ಶುರುವಾಗುವುದು 1970ರ ಜನವರಿ 1ಕ್ಕೆ ಅಲ್ಲವೇ? ಕಲ್ಯಾಣದ ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದವನೇ ಶಕವರ್ಷ ಸಾಕು ಅಂತ 1076ರಿಂದ ತನ್ನದೇ ಎಣಿಕೆ ಶುರು ಮಾಡಿದ. ಶಕವರ್ಷವಾದರೆ 78 ಕೂಡಿಸಬೇಕು, ಚಾಲುಕ್ಯ ವಿಕ್ರಮ ವರ್ಷವಾದರೆ ಬೇರೆ ಲೆಕ್ಕ. ನಿಜಾಮರ ಕಾಲದ ಫಸಲಿ ಕಾಗದ ಸಿಕ್ಕರೆ 590 ಕೂಡಿಸಬೇಕು. ಒಂದೇ ಊರಿನ ಹೊಲದ ಇತಿಹಾಸ ಬರೆಯಲು ಹೊರಟವರಿಗೆ ಈ ಮೂರೂ ಎದುರಾಗಬಹುದು. ಶಾಸನ ಓದುವುದನ್ನು ಗಟ್ಟಿಯಾಗಿ ಕಲಿಯಬೇಕಾದರೆ ಮುಂದೆ ಧಾರವಾಡವಿದೆ, ಮೈಸೂರಿದೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರುವುದೂ ಮೈಸೂರಿನಲ್ಲೇ.

ಮೂರನೆಯದು ಎಲ್ಲರಿಗೂ ಇಷ್ಟವಾಗುವ ಭಾಗ, ಕೃಷ್ಣದೇವರಾಯ. ರಾಯಚೂರು ಕೋಟೆಗೆ ಹೋದವರು ಗೋಡೆಯಲ್ಲಿರುವ ಉದ್ದನೆಯ ಕಲ್ಲು ನೋಡಿರುತ್ತೀರಿ, ನಲವತ್ತು ಅಡಿಗೂ ಹೆಚ್ಚು. 1294ರ ಆ ಶಾಸನ ಕಾಕತೀಯರ ಕಡೆಯ ದಂಡನಾಯಕ ವಿಠಲನದು, ಅಂದರೆ ವಾರಂಗಲ್ಲಿನ ಕಡೆಯವನದು. ಕೋಟೆಯ ಮೊದಲ ಗುರುತೇ ಹೊರಗಿನವರದು. ಆಮೇಲೆ ಬಹಮನಿ, ವಿಜಯನಗರ, ಆದಿಲಶಾಹಿ ಹೀಗೆ ಕೈ ಬದಲಾಗುತ್ತಲೇ ಹೋಯಿತು. ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಇಲ್ಲಿ ಸೋಲಿಸಿದ ಯುದ್ಧದ ದೀರ್ಘ ವರ್ಣನೆ ಬರೆದಿಟ್ಟವನು ಫೆರ್ನಾವೊ ನೂನಿಜ್, ಪೋರ್ಚುಗೀಸ್ ಭಾಷೆಯಲ್ಲಿ. ಎದುರು ಪಕ್ಷದ ಕಥೆ ಬರೆದವನು ಬಿಜಾಪುರದ ಆಸ್ಥಾನದಲ್ಲಿದ್ದ ಫರಿಶ್ತಾ, ಪರ್ಶಿಯನ್‌ನಲ್ಲಿ, ಅದೂ ಸುಮಾರು ತೊಂಬತ್ತು ವರ್ಷದ ಮೇಲೆ. ನೂನಿಜ್ ಯುದ್ಧ ನಡೆದದ್ದು 1522ರಲ್ಲಿ ಅಂದ. 1900ರಲ್ಲಿ ಅವನ ಬರಹವನ್ನು ಇಂಗ್ಲಿಷಿಗೆ ತಂದ ರಾಬರ್ಟ್ ಸೀವೆಲ್, ಅಮಾವಾಸ್ಯೆ, ವಾರ ಎಲ್ಲ ಲೆಕ್ಕ ಹಾಕಿ, ಉಳಿದ ಸಾಕ್ಷಿಗಳಿಗೆ ಹೋಲಿಸಿ, ಅದು 1520ರ ಮೇ 19, ಶನಿವಾರ ಆಗಿರಬೇಕು ಅಂತ ತಿದ್ದಿದ. ನಾವು ಉರುಹೊಡೆಯುವ 1520 ಎಂಬ ಇಸವಿಯ ಹಿಂದೆ ಇಷ್ಟು ಕೆಲಸ ಇದೆ.

ವಾಟ್ಸಾಪಿನಲ್ಲಿ ಈ ಯುದ್ಧ ಬಂದಾಗ ಹಿಂದೂ-ಮುಸ್ಲಿಂ ಮ್ಯಾಚಿನ ಸ್ಕೋರ್‌ಕಾರ್ಡ್ ಥರ ಇರುತ್ತದೆ. ಕೃಷ್ಣದೇವರಾಯನ ಕಡೆ ಕ್ರಿಸ್ಟೊವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನ ಬಂದೂಕಿನವರು ಕೋಟೆಯ ಮುತ್ತಿಗೆಗೆ ಕೂಡಿಕೊಂಡರು ಅಂತ ನೂನಿಜನೇ ಬರೆದಿದ್ದಾನೆ. ವಿಜಯನಗರದ ಸೈನ್ಯದಲ್ಲಿ ಎರಡನೇ ದೇವರಾಯನ ಕಾಲದಿಂದಲೂ ಮುಸ್ಲಿಂ ಸೈನಿಕರಿದ್ದರು. ರಿಚರ್ಡ್ ಈಟನ್ ಈ ಯುದ್ಧವನ್ನು ಫಿರಂಗಿ-ಬಂದೂಕಿನ ತಂತ್ರದ ಕಡೆಯಿಂದ ನೋಡಿ ಬರೆದಿದ್ದಾರೆ, ಫಿಲಿಪ್ ವ್ಯಾಗನರ್ ಜೊತೆ ಸೇರಿ ಕಲ್ಯಾಣ, ವಾರಂಗಲ್, ರಾಯಚೂರು ಮೂರನ್ನೂ ಇಟ್ಟುಕೊಂಡು ಪುಸ್ತಕವನ್ನೇ ತಂದಿದ್ದಾರೆ. ಒಳ್ಳೆಯ ಪುಸ್ತಕ. ಓದಿದಾಗ ನನಗೆ ಆದ ಸಂಕಟ ಏನೆಂದರೆ, ಪರ್ಶಿಯನ್ ಮತ್ತು ತೆಲುಗು ಕಲಿತು ನಮ್ಮ ಕೋಟೆಯ ಬಗ್ಗೆ ಬರೆದವರು ಅಮೆರಿಕದವರು. ನಮ್ಮ ಹುಡುಗರು ಆ ಪುಸ್ತಕದ ಸಾರಾಂಶ ಓದಿ ಪರೀಕ್ಷೆ ಬರೆಯುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಭಾಗ. ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಕಾಗದ ಇರುವ ಕಾಲ, ಅತಿ ಕಮ್ಮಿ ಜನ ಓದಿರುವ ಕಾಲ ನಿಜಾಮರದು. ಕಂಪನಿಗೆ ಕೊಡಬೇಕಿದ್ದ ಸಾಲದ ಬಾಬತ್ತಿನಲ್ಲಿ 1853ರಲ್ಲಿ ರಾಯಚೂರು ದೋಆಬ್ ಇಂಗ್ಲಿಷರ ಕೈಗೆ ಹೋಯಿತು. 1857ರ ದಂಗೆಯಲ್ಲಿ ನಿಜಾಮ ಅವರ ಪಕ್ಷದಲ್ಲಿ ನಿಂತ ಮೇಲೆ, 1860ರಲ್ಲಿ ವಾಪಸ್ ಬಂತು. ಅಂದರೆ ಆ ಏಳು ವರ್ಷದ ಆಡಳಿತ ಇಂಗ್ಲಿಷರದು, ಅದರ ಹಿಂದಿನದು ಪರ್ಶಿಯನ್‌ನಲ್ಲಿ. 1880ರ ದಶಕದಿಂದ ಪರ್ಶಿಯನ್ ಜಾಗಕ್ಕೆ ಉರ್ದು ಬಂತು, ಮುಂದೆ 1948ರವರೆಗೂ ಅದೇ. ನಡುವೆ 1871ರಲ್ಲಿ ಮುಂಬೈ ಕಡೆಯ ರೈಲು, ಮದ್ರಾಸ್ ಕಡೆಯ ರೈಲು ರಾಯಚೂರಿನಲ್ಲೇ ಬಂದು ಕೂಡಿದವು. ಆ ಜೋಡಣೆ ನಮ್ಮ ಹತ್ತಿ, ಶೇಂಗಾ ವ್ಯಾಪಾರಕ್ಕೆ ಏನು ಮಾಡಿತು ಅಂತ ಒಬ್ಬರು ಕೂತು ಬರೆದರೆ ಚೆಂದದ ಪಿಎಚ್‌ಡಿ ಆಗುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕಾಗದ ಇರುತ್ತವೆ. ಹೊಲದ್ದು, ಇನಾಮಿನದು, ಸಾಲದ್ದು. ಎಲ್ಲ ಉರ್ದು. ಮನೆಯವರಿಗೆ ಬರುವುದಿಲ್ಲ, ಎಸೆಯಲು ಧೈರ್ಯವಿಲ್ಲ. ಊರಿನಲ್ಲಿ ಓದಬಲ್ಲ ಒಬ್ಬ ಹಿರಿಯರು ಇದ್ದಷ್ಟು ದಿನ ನಡೆಯಿತು, ಅವರು ಹೋದ ಮೇಲೆ ಕಾಗದ ಇದ್ದೂ ಇಲ್ಲದಂತೆ. ನಮ್ಮ ತಾತಂದಿರ ಹೊಲದ ಲೆಕ್ಕ ಅಶೋಕನ ಬ್ರಾಹ್ಮಿಗಿಂತ ನಮಗೆ ದೂರವಾಗಿದೆ. ತಹಸೀಲ್ದಾರ, ಖಾತಾ, ದಫ್ತರು, ವಸೂಲಿ ಅಂತ ಆ ಭಾಷೆಯ ಪದಗಳನ್ನು ದಿನಾ ಆಡುತ್ತೇವೆ, ಒಂದು ಅಕ್ಷರ ಓದಲು ಬರುವುದಿಲ್ಲ. ಸರ್ಕಾರದ ಕಡತಗಳಲ್ಲಿ ದೊಡ್ಡ ಪಾಲು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ರಾಯಚೂರಿನಿಂದ ಬೆಂಗಳೂರಿಗೆ ಹೋಗುವ ದೂರದಲ್ಲಿ ಅರ್ಧ.

ಇದು ಬರೀ ಪಾಂಡಿತ್ಯದ ಮಾತಲ್ಲ. ನನ್ನ ವಯಸ್ಸಿನ ನಮ್ಮ ಭಾಗದವರು 371(ಜೆ) ಸರ್ಟಿಫಿಕೇಟು ಮಾಡಿಸಿದವರು, ಇಲ್ಲವೇ ತಮ್ಮ-ತಂಗಿಯರಿಗೆ ಮಾಡಿಸಿಕೊಟ್ಟವರು. ಸಂವಿಧಾನದ 98ನೇ ತಿದ್ದುಪಡಿಯಿಂದ 2013ರಲ್ಲಿ ಬಂದ ಸವಲತ್ತು ಅದು. ಬೆಂಗಳೂರಿನ ಗೆಳೆಯ "ನಿಮಗ್ಯಾಕೆ ಸ್ಪೆಷಲ್?" ಅಂತ ಕೇಳಿದರೆ "ನಾವು ಹಿಂದುಳಿದವರು" ಅಂತ ತಡವರಿಸುತ್ತೇವೆ. ಹೇಗೆ ಹಿಂದುಳಿದೆವು, ಶಾಲೆ ಯಾವ ಭಾಷೆಯಲ್ಲಿತ್ತು, ಕಾಲುವೆ ಯಾವಾಗ ಬಂತು ಅಂತ ಹೇಳಲು ನಮ್ಮ ಹತ್ತಿರ ಇತಿಹಾಸವೇ ಇಲ್ಲ. ಉಳಿದ ರಾಜ್ಯಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ, ನಮಗೆ 1948ರ ಸೆಪ್ಟೆಂಬರ್ 17ಕ್ಕೆ. ಆ ಹದಿಮೂರು ತಿಂಗಳು ರಜಾಕಾರರ ಹಾವಳಿ, ಗಡಿಯಾಚೆ ಮುಂಡರಗಿ, ಗಜೇಂದ್ರಗಡದ ಶಿಬಿರಗಳು, ಆಮೇಲಿನ ಪೊಲೀಸ್ ಕಾರ್ಯಾಚರಣೆ. ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದಾದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಬಗ್ಗೆ ಪಂಡಿತ ಸುಂದರಲಾಲ್ ಸಮಿತಿ ಕೊಟ್ಟ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಎರಡೂ ಕಡೆಯ ಮಾತು ಕೇಳಿ ಬರೆಯಬೇಕಾದರೆ ಕನ್ನಡವೂ ಬೇಕು, ಉರ್ದುವೂ ಬೇಕು. ಆ ದಿನಗಳಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಪತ್ರಾಗಾರ ಇನ್ನೂ ಹತ್ತು ವರ್ಷ ಕಾಯುತ್ತದೆ, ಅವರು ಕಾಯುವುದಿಲ್ಲ.

ಹಾಗಾಗಿ ನಾನು ಹೇಳಿದ ಲೆಕ್ಕಾಚಾರ ಇಷ್ಟು. ಮೊದಲ ವರ್ಷ ಕಾಲೇಜಿನ ಪಾಠದ ಜೊತೆ ಫೋನಿನಲ್ಲಿ ಊರಿನ ಹಿರಿಯರ ಮಾತು ರೆಕಾರ್ಡ್ ಮಾಡು. ಅಪ್ಪಣೆ ಕೇಳಿ, ದಿನಾಂಕ, ಹೆಸರು ಬರೆದಿಟ್ಟು. ಎರಡನೇ ವರ್ಷ ಉರ್ದು ಅಕ್ಷರ ಕಲಿ. ಮಾತು ನಮ್ಮ ಕಡೆ ಹೇಗೂ ಅರ್ಧ ಬರುತ್ತದೆ, ಅಕ್ಷರ ಕೂಡಿಸಿ ಓದಲು ಮನಸ್ಸಿಟ್ಟರೆ ನಾಲ್ಕಾರು ತಿಂಗಳು ಸಾಕು. ಕೈಬರಹದ ಹಳೇ ಕಡತ ಓದಲು ಇನ್ನೂ ಹೆಚ್ಚು ದಿನ ಬೇಕು. ಮೂರನೇ ವರ್ಷ ಒಂದೇ ಊರಿನ ಒಂದೇ ವಿಷಯ ಹಿಡಿದು ಇಪ್ಪತ್ತು ಪುಟ ಬರೆ. ಎಂಎಗೆ ಅರ್ಜಿ ಹಾಕುವಾಗ ಅಂಕಪಟ್ಟಿಗಿಂತ ಆ ಇಪ್ಪತ್ತು ಪುಟ ಹೆಚ್ಚು ಮಾತಾಡುತ್ತವೆ ಅಂತ ನನ್ನ ನಂಬಿಕೆ. ನೌಕರಿ ಬೇಕೇ ಬೇಕು, ಭಾವನ ಚಿಂತೆ ಸುಳ್ಳಲ್ಲ. ಬಿಎಡ್ ಮಾಡಿ ಹೈಸ್ಕೂಲ್ ಮೇಷ್ಟ್ರಾಗುವುದು, ಕೆಎಎಸ್ ಬರೆಯುವುದು ಯಾವುದಕ್ಕೂ ಇದು ಅಡ್ಡಿಯಲ್ಲ. ಉರ್ದು ಕಾಗದ ಓದಬಲ್ಲ ತಹಸೀಲ್ದಾರರು ಎಷ್ಟು ಜನ ಇದ್ದಾರೆ ಹೇಳಿ?

ಭಾವ ಮಾತ್ರ "ನಮ್ಮ ಹುಡುಗಿ ಉರ್ದು ಕಲಿತು ಏನ್ ಮಾಡ್ತಾಳಪ್ಪ" ಅಂದರು. ಅವಳೋ, ನಾನು ಲೆಕ್ಕಕ್ಕೇ ತಗೊಳ್ಳದ ದಾರಿ ಹಿಡಿದಿದ್ದಾಳೆ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ಕಡೆಯ ಮೊಸರಕಲ್ಲಿನವರು, 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು ಬ್ಯಾಗವಾಟದವರು. ಹದಿನೆಂಟನೇ ಶತಮಾನದಲ್ಲಿ ಇಷ್ಟು ಹತ್ತಿರ ಹತ್ತಿರದ ಹಳ್ಳಿಗಳಲ್ಲಿ ಇಷ್ಟು ಜನ ಹರಿದಾಸರು ಒಟ್ಟಿಗೆ ಹೇಗೆ ಬಂದರು, ಆಗ ಇಲ್ಲಿ ಯಾರ ಆಡಳಿತ ಇತ್ತು, ಇವರಿಗೆ ಅನ್ನ-ಆಸರೆ ಕೊಟ್ಟವರು ಯಾರು? ಅವಳ ಪ್ರಶ್ನೆ ಇದು, ನನಗಂತೂ ಹೊಳೆದಿರಲಿಲ್ಲ. ಸಾಹಿತ್ಯದವರು ದಾಸರ ಕೀರ್ತನೆ ಓದಿದ್ದಾರೆ, ದಾಸರಿಗೆ ಹೊಲ ಬಿಟ್ಟುಕೊಟ್ಟವರ ಲೆಕ್ಕ ತೆಗೆಯುವುದು ಇತಿಹಾಸದವರ ಕೆಲಸ. ಕೀರ್ತನೆಗೆ ಕನ್ನಡ, ಅದರ ಒಳಗಿನ ತತ್ವಕ್ಕೆ ಸ್ವಲ್ಪ ಸಂಸ್ಕೃತ ಸಾಕು. ಆ ಕಾಲದ ಮಠ, ಗುಡಿಗಳ ಇನಾಮು ಕಾಗದ ಹುಡುಕಲು ಹೊರಟರೆ ಅವು ಇರುವುದು ಪರ್ಶಿಯನ್‌ನಲ್ಲಿ, ಆಮೇಲಿನ ವಿಚಾರಣೆಯ ಕಡತ ಉರ್ದುವಿನಲ್ಲಿ. ಅದನ್ನು ಭಾವನಿಗೆ ಅವಳೇ ಹೇಳಲಿ ಅಂತ ಬಿಟ್ಟಿದ್ದೇನೆ.